ಮೈದುನನ ಬೀಡಿ ಬಿಡಿಸಿದ ಪ್ರಸಂಗ

ಇನ್ನೊಬ್ಬರ ಚಟ ಬಿಡಿಸುವುದರಲ್ಲಿ ಇರುವ ಸುಖ ಬೇರೆ ಯಾವುದರಲ್ಲೂ ಇಲ್ಲ. ನಮ್ಮ ಚಟವನ್ನು ನಾವೇ ಬಿಡುವಾಗ ತಲೆ ನೋಯುತ್ತದೆ, ಕೈ ನಡುಗುತ್ತದೆ, ಎದುರಿಗೆ ಬಂದವರ ಮೇಲೆಲ್ಲ ಸಿಟ್ಟು ಬರುತ್ತದೆ. ಇನ್ನೊಬ್ಬರದನ್ನು ಬಿಡಿಸುವಾಗ ಇಂಥ ಯಾವ ತ್ರಾಸೂ ಇಲ್ಲ. ಹೊಟ್ಟೆ ತುಂಬ ಉಂಡು, ಗೋಡೆಗೆ ಆತು ಕುಳಿತು, ಕಾಲು ಚಾಚಿಕೊಂಡೇ ಆ ಕೆಲಸ ಮಾಡಬಹುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಿಳಿಸಿ ಹೇಳುವುದು ನನ್ನ ಹೊಟ್ಟೆಪಾಡು. ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೂ ಅದು ನಿಲ್ಲುವುದಿಲ್ಲ ಎಂಬುದು ನಮ್ಮ ಮನೆಯವರ ತಕರಾರು. "ಹಾಲು ಉಕ್ಕೂಮುಂದ ಮಂದಿ ಒಲಿ ಆರಸತಾರ. ಈಕಿ ಹಾಲಿಗೆ ಯಾಕ ಉಕ್ಕತೀ ಅಂತ ತಿಳಿಸಿ ಹೇಳಕೋಂತ ನಿಂದರತಾಳ" ಎಂದು ಅವರು ಬಂದ ಬೀಗರ ಮುಂದೆಲ್ಲ ಹೇಳುತ್ತಾರೆ. ಮಿತಭಾಷಿಗಳಾದ ಅವರು ವರ್ಷಕ್ಕೆ ಆಡುವ ಕೆಲವೇ ಮಾತುಗಳಲ್ಲಿ ಇದೊಂದು ಇರುವುದರಿಂದ ನಾನೂ ಸುಮ್ಮನಿರುತ್ತೇನೆ.

ನಮ್ಮದು ದುಮ್ಮವಾಡದ ಅಂಚಿಗಿರುವ ಮನೆ. ಹಿತ್ತಲ ಬಾಗಿಲು ತೆಗೆದರೆ ಒಂದು ಕಲ್ಲಿನ ಕಟ್ಟೆ, ಅದರಾಚೆ ಭತ್ತದ ಗದ್ದೆ, ಗದ್ದೆಯಾಚೆ ಗೋವಿನಜೋಳ, ಅದರಾಚೆ ಬೆಳಿಗ್ಗೆ ಮಂಜು ಇದ್ದರೆ ಏನೂ ಇಲ್ಲ, ಬರೀ ಬಿಳುಪು. ಆ ಕಟ್ಟೆಯ ಮೇಲೆ ನನ್ನ ಮೈದುನ ಈರಣ್ಣ ಕುಳಿತಿರುತ್ತಿದ್ದ. ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ಬೆಳಿಗ್ಗೆಯೂ ಅಲ್ಲೇ ಕುಳಿತಿದ್ದ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ಬೆರಳ ಸಂದಿಯಲ್ಲಿ ಬೀಡಿ. ಅವನ ಬಾಯಿಂದ ಹೊರಟ ಹೊಗೆ ಮೆಲ್ಲಗೆ ಎದ್ದು, ಏನೋ ಮರೆತವರ ಹಾಗೆ ತುಸು ನಿಂತು, ಆಮೇಲೆ ಗದ್ದೆಯ ಮಂಜಿನೊಳಗೆ ಸೇರಿಹೋಗುತ್ತಿತ್ತು. ಎಲ್ಲಿಯವರೆಗೆ ಹೊಗೆ, ಎಲ್ಲಿಂದಾಚೆ ಮಂಜು ಎಂದು ಹೇಳಲು ಬರುತ್ತಿರಲಿಲ್ಲ. ಚಹಾದ ಕಪ್ಪು ಹಿಡಿದು ನಾನೂ ಎಷ್ಟೋ ಸಲ ಅದನ್ನೇ ನೋಡುತ್ತ ನಿಂತು ಶಾಲೆಯ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಈರಣ್ಣ ಪ್ರಾಯದಲ್ಲಿ ಧಾರವಾಡಕ್ಕೆ ಓದಲು ಹೋಗಿದ್ದನಂತೆ. ಅಲ್ಲಿ ಅವನಿಗೆ, ಯಾರೂ ಇಲ್ಲದಾಗಲೂ ಯಾರೋ ಮಾತಾಡಿದ್ದು ಕೇಳಿಸತೊಡಗಿತು. ಓದು ನಿಂತಿತು, ಮದುವೆಯ ಮಾತು ನಿಂತಿತು, ಗುಳಿಗೆ ಶುರುವಾಯಿತು. ಗುಳಿಗೆಯಿಂದ ಆ ದನಿಗಳೂ ನಿಂತವು. ಈಗ ಅವನು ನಲವತ್ತು ದಾಟಿದ, ಯಾರ ತಂಟೆಗೂ ಹೋಗದ ಸಂಭಾವಿತ. ಊರವರಿಗೆ ಅವನ ಮೇಲೆ ಪ್ರೀತಿ ಇತ್ತು, ಸುಳ್ಳು ಹೇಳಬಾರದು. ಆದರೆ ಆ ಪ್ರೀತಿಯನ್ನೆಲ್ಲ ಅವರು ಬೀಡಿಯ ರೂಪದಲ್ಲೇ ತೋರಿಸುತ್ತಿದ್ದರು. "ಏ ಈರಣ್ಣಾ, ಈ ಚೀಲ ತುಸು ಒಳಗ ಇಡೋ, ಬೀಡಿ ಕೊಡತೀನಿ." "ಏ ಈರಣ್ಣಾ, ಎಮ್ಮಿ ಹೊಡಕೊಂಡು ಬಾರೋ, ಬೀಡಿ ಕೊಡತೀನಿ." ಅವನು ಚೀಲ ಇಡುತ್ತಿದ್ದ, ಎಮ್ಮೆ ಹೊಡೆದುಕೊಂಡು ಬರುತ್ತಿದ್ದ. ಸಂಜೆ ಮನೆಗೆ ಬರುವಾಗ ಅಂಗಿಯ ಜೇಬು ಉಬ್ಬಿರುತ್ತಿತ್ತು. ಇಡೀ ಊರಿನಲ್ಲಿ ಕೂಲಿಯನ್ನು ಸುಟ್ಟು ಹೊಗೆ ಮಾಡುತ್ತಿದ್ದವನು ಅವನೊಬ್ಬನೇ.

ಆ ಚಳಿಗಾಲ ಅವನ ಕೆಮ್ಮು ಜೋರಾಯಿತು. ಕೆಮ್ಮಲು ಹತ್ತಿದರೆ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದ. ಎದೆಯಲ್ಲಿ ಬೆಕ್ಕಿನ ಮರಿ ಸಾಕಿದ ಹಾಗೆ ಸದ್ದು. ನಾನು ಹೆದರಿ ಬೀಡಿ ಬಿಡಿಸೋಣ ಎಂದೆ. ಬೀಗರು ನೆಂಟರು ಎಲ್ಲ ಒಂದೇ ಮಾತು ಹೇಳಿದರು: "ಅವನಿಗೇನು ಹೆಂಡತಿ ಅದಾಳೋ ಮಕ್ಕಳು ಅದಾವೋ? ಇರೂದೊಂದ ಸುಖ. ಸೇದಲಿ ಬಿಡ್ರಿ." ಎಲ್ಲರೂ ಅಷ್ಟು ಕರುಣೆಯಿಂದ ಹೇಳುತ್ತಿದ್ದರು ಎಂದರೆ, ಬೀಡಿ ಬಿಡಿಸಲು ಹೊರಟ ನಾನೇ ಏನೋ ಕ್ರೂರಿ ಎಂದು ನನಗೂ ಅನ್ನಿಸುತ್ತಿತ್ತು.

ಅವನ ಗುಳಿಗೆ ಬರೆದುಕೊಡುವ ಡಾಕ್ಟರಬಾಯಿ ಆಗಾಗ ಕಲಘಟಗಿಯ ಆಸ್ಪತ್ರೆಗೆ ಬರುತ್ತಾರೆ. ನಮ್ಮ ಮನೆಯವರೂ ನಾನೂ ಈರಣ್ಣನನ್ನು ಕರೆದುಕೊಂಡು ಹೋದೆವು. ನಾನು ರೋಗಿಯ ಪರವಾಗಿ ಕೆಮ್ಮಿನ ಚರಿತ್ರೆ, ಬೀಡಿಯ ಚರಿತ್ರೆ, ನಮ್ಮ ಮನೆತನದ ಚರಿತ್ರೆ ಎಲ್ಲ ಹೇಳಿದೆ. ಅವರು ಕೇಳಿದರು. ಆಮೇಲೆ ಕುರ್ಚಿಯನ್ನು ಈರಣ್ಣನ ಕಡೆ ತಿರುಗಿಸಿಕೊಂಡು, "ಈರಣ್ಣಾವರ, ಬೀಡಿ ಬಿಡಬೇಕು ಅಂತ ನಿಮಗ ಅನಸ್ತದೇನ್ರಿ?" ಎಂದರು.

ಈರಣ್ಣ ಹಿಂದೆ ತಿರುಗಿ ನೋಡಿದ. 'ಈರಣ್ಣಾವರು' ಎಂದರೆ ಬೇರೆ ಯಾರೋ ಬಂದು ನಿಂತಿರಬೇಕು ಎಂದುಕೊಂಡನೋ ಏನೋ. ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಹೆಗಲ ಟವೆಲ್ಲು ತೆಗೆದು ತೊಡೆಯ ಮೇಲೆ ಮಡಿಸತೊಡಗಿದ. ಉತ್ತರ ಹೇಳಲು ನನ್ನ ಬಾಯಿ ತುದಿಗಾಲ ಮೇಲೆ ನಿಂತಿತ್ತು. ನಮ್ಮ ಮನೆಯವರು ನನ್ನ ಕಾಲು ತುಳಿದರು.

"ಅನಸ್ತೈತ್ರಿ," ಎಂದ ಈರಣ್ಣ. "ಯಾರೂ ಕೇಳಿರಲಿಲ್ರಿ."

ಡಾಕ್ಟರಬಾಯಿ ತೋಳಿಗೆ ಅಂಟಿಸುವ ಪಟ್ಟಿಗಳನ್ನು ಕೊಟ್ಟರು. ಬೀಡಿಯಲ್ಲಿ ಇರುವ ನಿಕೋಟಿನ್ನೇ ಅದರಲ್ಲೂ ಸ್ವಲ್ಪ ಇರುತ್ತದೆ, ಹೊಗೆ ಮಾತ್ರ ಇರುವುದಿಲ್ಲ, ದೇಹ ಮೆಲ್ಲಗೆ ಮರೆಯುತ್ತದೆ ಎಂದರು. ಬೆಳಿಗ್ಗೆ ಒಂದು ಹಚ್ಚಬೇಕು, ಮರುದಿನ ಬೇರೆ ಕಡೆ ಇನ್ನೊಂದು. "ಕನಸು ಜಾಸ್ತಿ ಬೀಳಬಹುದು. ತ್ರಾಸ ಅನಿಸಿದ್ರ ಮಲಗೂಮುಂದ ತಗದುಬಿಡ್ರಿ. ಮತ್ತ, ಬೀಡಿ ಕಡಿಮಿ ಆದಕೂಡ್ಲೇ ನನಗ ಬಂದು ತೋರಿಸ್ರಿ." ಈ ಕೊನೆಯ ಮಾತನ್ನು ನಾವು ಅರ್ಥ ಮಾಡಿಕೊಂಡದ್ದೇ ಬೇರೆ. ಪಾಸಾದ ಮಕ್ಕಳು ಪೇಡೆ ಹಿಡಿದುಕೊಂಡು ಬಂದು ನನಗೆ ತೋರಿಸುವ ಹಾಗೆ, ಪೂರ್ತಿ ಬಿಟ್ಟ ಮೇಲೆ ಒಮ್ಮೆ ಹೋಗಿ ಹೇಳಿ ಬರಬೇಕು ಎಂದುಕೊಂಡೆವು.

ಪಟ್ಟಿ ಅದರ ಕೆಲಸ ಮಾಡಲಿ, ನಾನು ನನ್ನ ಕೆಲಸ ಮಾಡುತ್ತೇನೆ ಎಂದು ಹೊರಟೆ. ಶಾಲೆಯಿಂದ ಶ್ವಾಸಕೋಶದ ಹಳೆಯ ಚಾರ್ಟ್ ತಂದು ಗೋಡೆಗೆ ತೂಗುಹಾಕಿದೆ. ಒಂದು ಕಡೆ ಗುಲಾಬಿ ಬಣ್ಣದ್ದು, ಇನ್ನೊಂದು ಕಡೆ ಹೊಗೆಯಿಂದ ಕಪ್ಪಾದದ್ದು. ಅದು ನಾವು ಊಟಕ್ಕೆ ಕೂರುವ ಜಾಗಕ್ಕೆ ನೇರ ಎದುರಾಗಿತ್ತು ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ನಮ್ಮ ಮನೆಯವರು ಬದನೆಕಾಯಿ ಎಣಗಾಯಿ ಬಿಟ್ಟರು. ಈರಣ್ಣ ಮಾತ್ರ ದಿನಾ ಅದನ್ನು ಆಸಕ್ತಿಯಿಂದ ನೋಡಿ, "ವೈನಿ, ಈ ಬಲಗಡೆ ಬದನಿಕಾಯಿ ಅಗದಿ ಚಲೋ ಬಲಿತೈತ್ರಿ" ಎಂದ. ಅವನಿಗೆ ಬಡಿಸೋಪು ಕೊಟ್ಟೆ, ಶೇಂಗಾ ಬೆಲ್ಲ ಕೊಟ್ಟೆ, ಅವು ಬಾಯಲ್ಲಿರುವಾಗ ಅವನು ಮಾತಾಡಲಾರ ಎಂಬ ಧೈರ್ಯದಿಂದ ರಕ್ತನಾಳಗಳ ಬಗ್ಗೆ ದೀರ್ಘವಾಗಿ ಹೇಳಿದೆ. ಅವನು ಜಗಿಯುತ್ತ ಗದ್ದೆ ನೋಡುತ್ತಿದ್ದ. ನಾನು ಮುಗಿಸಿ ಒಳಗೆ ಹೋದದ್ದೇ ತಡ, ಹಿತ್ತಲಲ್ಲಿ ಕಡ್ಡಿ ಗೀರಿದ ಸದ್ದು ಕೇಳಿಸುತ್ತಿತ್ತು.

ಇನ್ನು ಊರನ್ನು ಒಪ್ಪಿಸಬೇಕಿತ್ತು. ಬೀಡಿ ಕೊಡುವವರಲ್ಲಿ ಮುಖ್ಯಳು ಕಿರಾಣಿ ಅಂಗಡಿಯ ಗಂಗವ್ವ. ಗಂಡ ತೀರಿದ ಮೇಲೆ ಒಬ್ಬಳೇ ಅಂಗಡಿ ನಡೆಸಿಕೊಂಡು ಬಂದ ಗಟ್ಟಿ ಹೆಂಗಸು. ನಾನು ಹೋಗಿ, ಇನ್ನು ಮೇಲೆ ಈರಣ್ಣನಿಗೆ ಬೀಡಿ ಕೊಡಬೇಡಿ ಎಂದು ಕೇಳಿಕೊಂಡೆ.

"ಅಲ್ಲ ಅಕ್ಕೋರ," ಎಂದಳು ಗಂಗವ್ವ, "ಬೀಡಿ ಕೊಡಲಿಲ್ಲಂದ್ರ ನನ್ನ ಚೀಲ ಯಾರ ಒಳಗ ಇಡತಾರ? ನೀವು ಬಂದು ಇಡತೀರೇನು?"

"ಎಲ್ಲಾರಿಗೂ ಕೊಡೂ ಹಂಗ ಅವಂಗೂ ಕೂಲಿ ಕೊಡ್ರಿ."

ಅವಳು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಳು. "ಹೌದಲ್ರಿ," ಎಂದಳು ಆಮೇಲೆ, ತನಗೇ ಹೇಳಿಕೊಂಡ ಹಾಗೆ. "ಇದು ನನಗ ಹೊಳೀಲೇ ಇಲ್ಲ ನೋಡ್ರಿ. ಈರಣ್ಣ ಅಂದ್ರ ಬೀಡಿ ಅಂತ ತಲ್ಯಾಗ ಕುಂತುಬಿಟ್ಟಿತ್ತು." ಮರುದಿನದಿಂದ ಅವಳು ಅವನಿಗೆ ಕೂಲಿಯನ್ನೂ ಕೊಟ್ಟಳು, ಒಂದು ಕಪ್ಪು ಚಹಾವನ್ನೂ ಕೊಟ್ಟಳು, ಕೂರಲು ಒಂದು ಸ್ಟೂಲನ್ನೂ ಹಾಕಿದಳು. ಗಂಗವ್ವ ನಿಲ್ಲಿಸಿದ ಮೇಲೆ ಉಳಿದವರೂ ನಿಲ್ಲಿಸಿದರು. ಅವಳ ಅಂಗಡಿಯಲ್ಲಿ ಉದ್ರಿ ಬಾಕಿ ಇಲ್ಲದವರು ಊರಿನಲ್ಲಿ ಕಡಿಮೆ.

ಆ ಸ್ಟೂಲಿನ ಮೇಲೆ ಕುಳಿತೇ ಈರಣ್ಣ ಕನಸು ಹೇಳತೊಡಗಿದ್ದು. ಡಾಕ್ಟರಬಾಯಿ ಹೇಳಿದ್ದು ನಿಜವಾಗಿತ್ತು. ಎಷ್ಟೋ ವರ್ಷದಿಂದ ಅವನಿಗೆ ಕನಸೇ ಬಿದ್ದಿರಲಿಲ್ಲವಂತೆ. ಮಲಗಿದರೆ ಕತ್ತಲೆ, ಎದ್ದರೆ ಬೆಳಕು, ಅಷ್ಟೇ. ಈಗ ಪಟ್ಟಿ ಹಚ್ಚಿಕೊಂಡು ಮಲಗಿದರೆ ಬಣ್ಣಬಣ್ಣದ ಕನಸು. ರಾತ್ರಿ ತೆಗೆದುಬಿಡು ಎಂದರೆ, "ಬ್ಯಾಡ್ರಿ ವೈನಿ, ಇರಲಿ" ಎಂದು ತೋಳಿನ ಮೇಲೆ ಕೈ ಮುಚ್ಚಿಕೊಳ್ಳುತ್ತಿದ್ದ.

ಒಂದು ಕನಸಿನಲ್ಲಿ ಇಡೀ ದುಮ್ಮವಾಡ ಒಂದೇ ಬಸ್ಸಿನಲ್ಲಿ ಕುಳಿತಿತ್ತಂತೆ. ಎಲ್ಲರೂ ನಿದ್ದೆಯಲ್ಲಿದ್ದಾರೆ. ಡ್ರೈವರ್ ಇಲ್ಲ. ಬಸ್ಸು ರಸ್ತೆ ಬಿಟ್ಟು ಭತ್ತದ ಗದ್ದೆಯ ಮೇಲೆ ಹೋಗುತ್ತಿದೆ, ಆದರೆ ಒಂದು ತೆನೆಯೂ ಬಾಗುತ್ತಿಲ್ಲ. ಕಿಟಕಿಯಿಂದ ಕೈ ಹಾಕಿದರೆ ತೆನೆಗಳು ಅಂಗೈಗೆ ತಾಗುತ್ತಿದ್ದವು, ತಣ್ಣಗೆ. ಇನ್ನೊಂದರಲ್ಲಿ ತೀರಿಹೋದ ಅವ್ವ ಮೋಡದ ಮೇಲೆ ಚಾಪೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. "ತುಳೀಬ್ಯಾಡೋ ಈರ್ಯಾ, ಇನ್ನೂ ಹಸಿ ಅದಾವ" ಎಂದಳಂತೆ. ಇದನ್ನು ಅವನು ಮನೆಗೆ ಬಂದು ಹೇಳುವಾಗ ನಮ್ಮ ಮನೆಯವರು ಎತ್ತಿಗೆ ನೀರು ಕುಡಿಸುತ್ತಿದ್ದರು. ಬಕೆಟ್ಟು ತುಂಬಿ ನೀರು ಹರಿದುಹೋದರೂ ಅವರು ನಲ್ಲಿ ನಿಲ್ಲಿಸಲಿಲ್ಲ. "ಯಾವ ಸೀರಿ ಉಟ್ಟಿದ್ಳು?" ಎಂದು ಕೇಳಿದರು. "ಹಸರ ಇಳಕಲ್ಲ." "ಹೌದು, ಅದ," ಎಂದು ತಲೆಯಾಡಿಸಿದರು.

ಗಂಗವ್ವನ ಅಂಗಡಿಯ ಮುಂದೆ ಬೆಳಿಗ್ಗೆ ಜನ ಸೇರತೊಡಗಿದರು. ಹಾಲು ತರಲು ಬಂದವರು, ಬಸ್ಸಿಗೆ ಕಾಯುವವರು, ಸುಮ್ಮನೆ ಬಂದವರು. ಎಲ್ಲರದೂ ಒಂದೇ ಪ್ರಶ್ನೆ: "ನಾ ಬಂದಿದ್ನೇನೋ ಈರಣ್ಣಾ?" ಗಂಗವ್ವ ಒಂದು ದಿನ ಕನಸಿನಲ್ಲಿ ಮೋಡವನ್ನು ತೂಗಿ ಮಾರುತ್ತಿದ್ದಳಂತೆ, ತೂಕ ಮಾತ್ರ ತುಸು ಕಡಿಮೆ ಇತ್ತಂತೆ. "ನಾ ಯಾವಾಗ ಕಡಿಮಿ ತೂಗೀನೋ?" ಎಂದು ಅವಳು ಒಂದು ದಿನ ಚಹಾ ಕೊಡಲಿಲ್ಲ. ನನಗೂ ಕುತೂಹಲ ತಡೆಯಲಿಲ್ಲ, ಕೇಳಿದೆ. "ಬಂದಿದ್ರಿ ವೈನಿ. ನಿಮ್ಮ ಬಾಯಿ ಆಡತಿತ್ತು, ಸಪ್ಪಳ ಇರಲಿಲ್ಲ. ಅಗದಿ ಚಲೋ ಕನಸು" ಎಂದ. ಹೊಗಳಿದ ಎಂದೇ ತಿಳಿದು ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಬೀಡಿ ಪೂರ್ತಿ ನಿಂತಿತು. ಕೆಮ್ಮು ಇಳಿಯಿತು. ನಾನು ಎದೆಯುಬ್ಬಿಸಿಕೊಂಡು ಊರಲ್ಲಿ ತಿರುಗಾಡಿದೆ. ಸ್ಟಾಫ್ ರೂಮಿನಲ್ಲಿ ನನ್ನ ವಿಧಾನವನ್ನು ಸಹೋದ್ಯೋಗಿಗಳಿಗೆ ವಿವರಿಸಿದೆ. ಅಷ್ಟರಲ್ಲಿ ಈರಣ್ಣನ ನಿದ್ದೆ ಹೆಚ್ಚಾಗುತ್ತ ಬಂದದ್ದು ನನಗೆ ತಡವಾಗಿ ಕಂಡಿತು. ಮೊದಲು ಬೆಳಿಗ್ಗೆ ತಡವಾಗಿ ಎದ್ದ. ಆಮೇಲೆ ಎದ್ದವನು ಮತ್ತೆ ಮಲಗಿದ. ಸ್ಟೂಲಿನ ಮೇಲೆ ಕನಸು ಹೇಳುತ್ತ ಹೇಳುತ್ತ ನಡುವೆಯೇ ನಿದ್ದೆ ಹೋದ. ಕೇಳುತ್ತಿದ್ದವರು ಮುಂದಿನದ್ದು ಕನಸಿನಲ್ಲೇ ನಡೆದಿರಬೇಕು ಎಂದು ಸ್ವಲ್ಪ ಹೊತ್ತು ಕಾದು ಹೊರಟುಹೋದರು. ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ನಡೆದರೆ ಕಾಲು ಎಳೆಯುತ್ತಿತ್ತು. ಒಂದು ಮಧ್ಯಾಹ್ನ ಹಿತ್ತಲ ಕಟ್ಟೆಯಿಂದ ಏಳಲು ಹೋಗಿ ಗದ್ದೆಯ ಬದಿಗೆ ಬಿದ್ದ. ಕೆಸರಿನಲ್ಲಿ ಬಿದ್ದವನು ಏಳಲಿಲ್ಲ, ಅಲ್ಲೇ ನಿದ್ದೆ ಮಾಡುತ್ತಿದ್ದ.

ನಮ್ಮ ಮನೆಯವರೂ ನಾನೂ ಅವನನ್ನು ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದೆವು. ನೋಡಲು ಬಂದ ಗಂಗವ್ವ ಬಾಗಿಲಲ್ಲೇ ನಿಂತು, "ಬೀಡಿ ಬಿಡಿಸಿ ಮನಷ್ಯಾನ್ನ ಕೆಡಿಸಿದ್ರಲ್ರಿ ಅಕ್ಕೋರ. ಅವನ ಪಾಡಿಗೆ ಅವ ಇದ್ದ" ಎಂದಳು. ನನ್ನ ಜೀವನದಲ್ಲಿ ಮೊದಲ ಸಲ ನನಗೆ ತಿಳಿಸಿ ಹೇಳಲು ಏನೂ ಇರಲಿಲ್ಲ.

ನಮ್ಮ ಮನೆಯವರು ಹೊರಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಬೀಡಿಯ ಕಟ್ಟು ಇತ್ತು. ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಮುಟ್ಟದ ಮನುಷ್ಯ. ತಮ್ಮನ ತಲೆಯ ಹತ್ತಿರ ಕುಳಿತು, ಒಂದನ್ನು ಎಳೆದು ಅವನ ತುಟಿಗೆ ಇಡಲು ಹೋದರು. ತಿರುವುಮುರುವು ಇಟ್ಟರು. ಸರಿ ಮಾಡಿ ಇಟ್ಟರು. ಆಮೇಲೆ ಜೇಬು ತಡವಿಕೊಂಡು, ನನ್ನ ಕಡೆ ನೋಡದೆ, "ಕಡ್ಡಿಪೆಟ್ಟಿಗಿ ಕೊಡು" ಎಂದರು.

"ಏನ ಮಾಡಾಕತ್ತೀರಿ?"

"ಸೇದಿದ್ರ ಸೇದಲಿ. ಕೆಮ್ಮಿದ್ರ ಕೆಮ್ಮಲಿ. ನನ್ನ ತಮ್ಮ ನನಗ ಎಚ್ಚರ ಇದ್ದಾಂವ ಬೇಕು."

ನಾನು ಅಡುಗೆಮನೆಗೆ ಹೋಗಿ ಕಡ್ಡಿಪೆಟ್ಟಿಗೆ ತಂದೆ. ಎಷ್ಟೋ ಬ್ಯಾಚಿನ ಮಕ್ಕಳಿಗೆ ತಂಬಾಕಿನ ವಿರುದ್ಧ ಪ್ರತಿಜ್ಞೆ ಬೋಧಿಸಿದ ನಾನೇ ಕಡ್ಡಿ ಹೊರಗೆ ತೆಗೆದು ನಿಂತೆ. ಗೀರಬೇಕು ಎನ್ನುವಷ್ಟರಲ್ಲಿ ಈರಣ್ಣ ಅರ್ಧ ಕಣ್ಣು ತೆರೆದ. ಮೇಲೆ ಬಗ್ಗಿ ನಿಂತ ನಮ್ಮಿಬ್ಬರ ಮುಖವನ್ನೂ ಸಾವಕಾಶ ನೋಡಿದ.

"ಯಾಕ ಇಬ್ಬರೂ ಹಿಂಗ ಬಗ್ಗೀರಿ? ನಾ ಸತ್ತೀನೇನು?" ಎಂದ. ಮಾತಾಡಿದ್ದಕ್ಕೆ ಬೀಡಿ ತುಟಿಯಿಂದ ಜಾರಿ ಕೊರಳ ಹತ್ತಿರ ಬಿತ್ತು. ಅದನ್ನು ಎತ್ತಿ ನೋಡಿ ಅಣ್ಣನ ಕೈಗೇ ಕೊಟ್ಟ. "ಬ್ಯಾಡಣ್ಣಾ. ಬಿಟ್ಟೀನಿ." ಮತ್ತೆ ನಿದ್ದೆ ಹೋದ. ನಮ್ಮ ಮನೆಯವರು ಆ ಬೀಡಿ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಕುಳಿತರು. ನಾನು ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಡುವುದನ್ನು ಮರೆತು ಅವರ ಪಕ್ಕದಲ್ಲಿ ಕುಳಿತೆ.

ಡಾಕ್ಟರಬಾಯಿ ಅಂದು ಕಲಘಟಗಿಯಲ್ಲೇ ಇದ್ದರು, ನಮ್ಮ ಪುಣ್ಯ. ಪಕ್ಕದ ಮನೆಯವರ ಗಾಡಿಯಲ್ಲಿ ಕರೆದುಕೊಂಡು ಹೋದೆವು. ಅವರು ಈರಣ್ಣನ ನಾಡಿ ನೋಡಿದರು, ಕಣ್ಣು ನೋಡಿದರು, ಕೈ ಮಡಿಸಿ ಬಿಡಿಸಿ ನೋಡಿದರು. "ಬೀಡಿ ಯಾವಾಗ ನಿಂತತು?" ಎಂದು ಕೇಳಿದರು. ಹೇಳಿದೆವು. "ಕಡಿಮಿ ಆದಕೂಡ್ಲೇ ಬರ್ರಿ ಅಂದಿದ್ನಲ್ರಿ?" ಪೂರ್ತಿ ಬಿಟ್ಟ ಮೇಲೆ ಪೇಡೆ ತಗೊಂಡು ಬರುವವರಿದ್ದೆವು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ನೋಡ್ರಿ," ಎಂದು ಅವರು ಸಮಾಧಾನದಿಂದ ಹೇಳಿದರು, "ಬೀಡಿ ಹೊಗಿ ಮೈಯಾಗ ಹೋಗತಿದ್ರ ಈ ಗುಳಿಗಿ ಬ್ಯಾಗ ಬ್ಯಾಗ ಖರ್ಚ ಆಗತದ. ಅದಕ್ಕ ಇಷ್ಟು ವರ್ಷ ಅವರಿಗೆ ಜಾಸ್ತಿ ಗುಳಿಗಿ ಬೇಕಾಗತಿತ್ತು. ಈಗ ಹೊಗಿ ನಿಂತದ, ಗುಳಿಗಿ ಅಷ್ಟ ಅದ. ಅದು ಮೈಯಾಗ ತುಂಬಕೋಂತ ಹೋಗೇದ. ಅದಕ್ಕ ಈ ನಿದ್ದಿ. ಬೀಡಿ ಬಿಟ್ಟದ್ದು ತಪ್ಪಲ್ಲ. ಗುಳಿಗಿ ಇಳಸಬೇಕು. ನೀವಾಗೇ ಇಳಸಬ್ಯಾಡ್ರಿ ಮತ್ತ, ನಾ ನೋಡಿ ಇಳಸತೀನಿ."

ನಮ್ಮ ಮನೆಯವರು ಬೆರಳ ಮೇಲೆ ಲೆಕ್ಕ ಹಾಕಿದರು. "ಅಂದ್ರ ಮೇಡಂ, ಇಷ್ಟು ವರ್ಷ ಅರ್ಧಾ ಗುಳಿಗಿ ನನ್ನ ತಮ್ಮನ ಸಲುವಾಗಿ, ಅರ್ಧಾ ಬೀಡಿ ಸಲುವಾಗಿ ಕೊಡಾಕತ್ತಿದ್ವೇನ್ರಿ?" ಎಂದರು.

"ಹೆಚ್ಚು ಕಡಿಮಿ ಹಂಗ ಅನ್ರಿ," ಎಂದು ಅವರು ನಕ್ಕರು.

ಒಂದೆರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕಳಿಸಿದರು. ಗುಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಈರಣ್ಣ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದ. ಆಳವಾದ ಬಾವಿಯಿಂದ ಯಾರೋ ಹಗ್ಗ ಹಿಡಿದು ಎಳೆಯುತ್ತಿರುವ ಹಾಗೆ, ದಿನಕ್ಕಿಷ್ಟು. ಮೊದಲು ಕಣ್ಣು ಬಂದವು. ಆಮೇಲೆ ನಡಿಗೆ. ಆಮೇಲೆ, ನಾವು ಯಾರೂ ನಿರೀಕ್ಷಿಸದೆ ಇದ್ದದ್ದು, ಚೌಕಾಸಿ. ಗಂಗವ್ವನ ಹತ್ತಿರ ಹೋಗಿ, "ಕೂಲಿ ಎಲ್ಲಾರಿಗೂ ಎಷ್ಟೈತಿ, ನನಗ ಯಾಕ ಕಡಿಮಿ?" ಎಂದು ಕೇಳಿದನಂತೆ. ಗಂಗವ್ವ ನನ್ನ ಹತ್ತಿರ ದೂರು ತಂದಳು. ದೂರಿನ ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಟ್ಟಿ ನಿಂತ ಮೇಲೆ ಕನಸುಗಳ ಬಣ್ಣ ಮಾಸಿತು. ಊರಿಗೆ ಸ್ವಲ್ಪ ಬೇಜಾರಾಯಿತು. ಒಮ್ಮೆ ಓಣಿಯಲ್ಲಿ ಒಬ್ಬರು ತೀರಿಕೊಂಡಾಗ, ಅಲ್ಲಿ ಕುಳಿತವರು ಕೊಟ್ಟರೆಂದು ಒಂದು ಬೀಡಿ ಸೇದಿ ಬಂದ. ತಾನೇ ಬಂದು ನನಗೆ ಹೇಳಿದ. ನಾನು ತಿಳಿಸಿ ಹೇಳಲು ಬಾಯಿ ತೆರೆದೆ, ಅವನು ಎಮ್ಮೆ ಬಿಚ್ಚಿಕೊಂಡು ಹೊರಟುಹೋದ.

ಮುಂದಿನ ಸಲ ತೋರಿಸಲು ನಾನೂ ಈರಣ್ಣನೂ ಇಬ್ಬರೇ ಬಸ್ಸಿನಲ್ಲಿ ಹೋದೆವು. ಡಾಕ್ಟರಬಾಯಿ ಎಲ್ಲ ಸರಿಯಿದೆ ಎಂದರು. ಆಮೇಲೆ, "ಈರಣ್ಣಾವರ, ಈಗ ಬೀಡಿ ನೆನಪು ಯಾವಾಗ ಆಗತದ್ರಿ? ಉಂಡ ಮ್ಯಾಲೋ? ಚಾ ಕುಡದ ಮ್ಯಾಲೋ?" ಎಂದು ಕೇಳಿದರು. ಈ ಸಲ ಅವನು ಹಿಂದೆ ತಿರುಗಿ ನೋಡಲಿಲ್ಲ.

"ಆಗೇನೂ ಆಗೂದಿಲ್ರಿ. ವೈನಿ ತಿಳಿಸಿ ಹೇಳಾಕ ಶುರು ಮಾಡಿದ್ರಲ್ಲ, ಆವಾಗ ಒಂದು ಸೇದಬೇಕು ಅನಸ್ತೈತ್ರಿ. ಮೊದಲಿನಿಂದಾನೂ ಹಂಗ."

ಡಾಕ್ಟರಬಾಯಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ಅದನ್ನು ಎಲ್ಲೋ ಹತ್ತಿರದಲ್ಲೇ ಕಟ್ಟಿಹಾಕಿದ್ದರು. "ಹಂಗಾದ್ರ ಅಕ್ಕಾವರ, ಅದನ್ನೂ ತುಸು ಇಳಸೂಣು," ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಹೊರಗೆ ಸಂಜೆಯ ಬಿಸಿಲು ಗೋವಿನಜೋಳದ ಮೇಲೆ ಮಲಗಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ತನ್ನ ಕೂಸಿಗೆ ಎಣ್ಣೆಯಲ್ಲಿ ಕರಿದ ತಿಂಡಿ ತಿನ್ನಿಸುತ್ತಿದ್ದಳು. ಅವಳಿಗೆ ಜೀರ್ಣಕ್ರಿಯೆಯ ಬಗ್ಗೆ ಹೇಳುವುದು ಎಷ್ಟೋ ಇತ್ತು. ಕಂಡಕ್ಟರ್ ಬಾಗಿಲಲ್ಲಿ ಜೋತು ನಿಂತಿದ್ದ. ಅವನಿಗೆ ಗುರುತ್ವಾಕರ್ಷಣೆಯ ಬಗ್ಗೆ ಇತ್ತು. ನಾನು ತುಟಿ ಒತ್ತಿ ಹಿಡಿದು ಕುಳಿತೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಲೆ ಸಣ್ಣಗೆ ನೋಯುತ್ತಿತ್ತು, ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು.

ಈರಣ್ಣ ನನ್ನನ್ನೇ ಗಮನಿಸುತ್ತಿದ್ದನೆಂದು ಕಾಣುತ್ತದೆ. ತಾನು ಎದ್ದು ನನಗೆ ಕಿಟಕಿಯ ಕಡೆ ಜಾಗ ಮಾಡಿಕೊಟ್ಟ.

"ಬಾಯಿ ಕಡೀತೈತೇನ್ರಿ ವೈನಿ?" ಎಂದ, ಬಹಳ ಮೆತ್ತಗೆ. "ಮೊದಮೊದಲ ಹಂಗ ಆಗತೈತ್ರಿ. ಹೊರಗ ನೋಡಕೋಂತ ಕುಂದರ್ರಿ. ಆಮ್ಯಾಲೆ ರೂಢಿ ಆಗತೈತಿ."